ಗಾಜಿನ ಪೆಟ್ಟಿಗೆ ಸಿಗದ ರಾಬಿನ್

ಬ್ಯಾಟ್‌ಮನ್‌ನ ಗುಹೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇದೆ. ಒಳಗೆ ರಾಬಿನ್‌ನ ಉಡುಪು. ರಾಬಿನ್ ಎಂದರೆ ಕಾಮಿಕ್ಸ್ ಹೀರೋ ಬ್ಯಾಟ್‌ಮನ್‌ನ ಕಿರಿಯ ಜೊತೆಗಾರನಿಗೆ ಸಿಗುವ ಹೆಸರು, ಒಬ್ಬರಾದ ಮೇಲೆ ಒಬ್ಬರು ಅದನ್ನು ಹೊತ್ತಿದ್ದಾರೆ. ಅದನ್ನು ತೊಟ್ಟಿದ್ದವನು ಜೇಸನ್ ಟಾಡ್, ಬ್ಯಾಟ್‌ಮನ್‌ನ ಜೊತೆ ನಿಂತ ಎರಡನೇ ಹುಡುಗ. 1988ರಲ್ಲಿ ಅವನು ಉಳಿಯಬೇಕಾ, ಸಾಯಬೇಕಾ ಅಂತ ಡಿಸಿ ಕಾಮಿಕ್ಸ್ ಕಂಪನಿ ಓದುಗರನ್ನೇ ಕೇಳಿತ್ತು. ಎರಡು ಫೋನ್ ನಂಬರ್ ಕೊಟ್ಟು, ಕರೆಗೆ 50 ಸೆಂಟ್ ತೆಗೆದುಕೊಂಡಿತ್ತು. ಸಾಯಲಿ ಎಂದು ಬಂದ ಕರೆಗಳು 5,343. ಬದುಕಲಿ ಎಂದು ಬಂದವು 5,271. ಬರೀ 72 ಕರೆಗಳ ಅಂತರದಲ್ಲಿ ಹುಡುಗ ಸತ್ತ. ಕಥೆಯೊಳಗೆ ಬ್ಯಾಟ್‌ಮನ್ ಅವನ ನೆನಪಿಗೆ ಆ ಪೆಟ್ಟಿಗೆ ಇಟ್ಟ.

ಮುಂದೆ ರಾಬಿನ್ ಉಡುಪು ತೊಟ್ಟವರಲ್ಲಿ ಒಬ್ಬಳು ಹುಡುಗಿಯೂ ಇದ್ದಳು, ಸ್ಟೆಫನಿ ಬ್ರೌನ್. 2004ರಲ್ಲಿ ಅವಳೂ ಸತ್ತಳು. ಅವಳಿಗೆ ಮಾತ್ರ ಪೆಟ್ಟಿಗೆ ಇಲ್ಲ. ಆ ಪೆಟ್ಟಿಗೆಗಾಗಿ ಅಮೆರಿಕದ ಕಾಮಿಕ್ಸ್ ಓದುಗರು ವರ್ಷಗಟ್ಟಲೆ ಜಗಳ ಆಡಿದರು.

ಸ್ಟೆಫನಿ ಮೊದಲು ಕಾಣಿಸಿದ್ದು 1992ರಲ್ಲಿ. ಹುಟ್ಟಿಸಿದವರು ಲೇಖಕ ಚಕ್ ಡಿಕ್ಸನ್, ಚಿತ್ರಕಾರ ಟಾಮ್ ಲೈಲ್. ಅವಳ ಅಪ್ಪ ಸಣ್ಣಪುಟ್ಟ ಖಳನಾಯಕ. ಅವನ ಸಂಚುಗಳನ್ನು ಹಾಳುಮಾಡಲು ಮಗಳು ತಾನೇ ಒಂದು ಉಡುಪು ಮಾಡಿಕೊಂಡು ಸ್ಪಾಯ್ಲರ್ ಎಂಬ ಹೆಸರಲ್ಲಿ ಬೀದಿಗಿಳಿದಳು. ಯಾರಾದರೂ ಅದನ್ನು ನೇರಳೆ ಬಣ್ಣ ಎಂದರೆ, ಅಲ್ಲ, ಬದನೆಕಾಯಿ ಬಣ್ಣ ಎಂದು ತಿದ್ದುತ್ತಿದ್ದಳು. ಅವಳಿಗೆ ಯಾವ ದಿವ್ಯಶಕ್ತಿಯೂ ಇಲ್ಲ, ಬ್ಯಾಟ್‌ಮನ್‌ಗೆ ಇರುವಂಥ ದುಡ್ಡೂ ಇಲ್ಲ. ಹದಿಹರೆಯದಲ್ಲೇ ಗರ್ಭಿಣಿಯಾಗಿ, ಮಗುವನ್ನು ದತ್ತು ಕೊಟ್ಟಳು. ಹೀರೋಗಳೆಲ್ಲ ಅವಳಿಗೆ ಹೇಳಿದ್ದು ಒಂದೇ ಮಾತು: ನಿನ್ನ ಕೈಲಿ ಆಗಲ್ಲ, ಮನೆಗೆ ಹೋಗು. ಅವಳು ಹೋಗುತ್ತಿರಲಿಲ್ಲ.

2004ರಲ್ಲಿ ಕೆಲವೇ ಸಂಚಿಕೆಗಳ ಮಟ್ಟಿಗೆ ಅವಳು ರಾಬಿನ್ ಆದಳು. ಮುಖ್ಯ ಕಥೆಯಲ್ಲಿ ಆ ಪಟ್ಟ ಸಿಕ್ಕ ಮೊದಲ ಹುಡುಗಿ ಅವಳೇ. ಮಾತು ಕೇಳಲಿಲ್ಲ ಎಂದು ಬ್ಯಾಟ್‌ಮನ್ ಅವಳನ್ನು ತೆಗೆದುಹಾಕಿದ. ತಾನು ಯೋಗ್ಯಳೆಂದು ತೋರಿಸಲು ಹೋಗಿ ಅವಳು ಊರಿನ ರೌಡಿಗಳ ನಡುವೆ ಯುದ್ಧವನ್ನೇ ಹೊತ್ತಿಸಿಬಿಟ್ಟಳು. ಬ್ಲ್ಯಾಕ್ ಮಾಸ್ಕ್ ಎಂಬ ಖಳ ಅವಳನ್ನು ಹಿಡಿದು ಚಿತ್ರಹಿಂಸೆ ಕೊಟ್ಟ. ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ಬ್ಯಾಟ್‌ಮನ್‌ನನ್ನು ಕೇಳುತ್ತಾಳೆ, ನಾನು ನಿಜವಾಗಲೂ ರಾಬಿನ್ ಆಗಿದ್ದೆನಾ ಎಂದು. ಹೌದು ಎನ್ನುತ್ತಾನೆ ಅವನು. ಆಮೇಲೆ ಸಾಯುತ್ತಾಳೆ.

ಕಾಗದದ ಮೇಲಿನ ಹುಡುಗಿ ಸತ್ತರೆ ಯಾಕಿಷ್ಟು ಸಂಕಟ? ಓದುಗರಿಗೆ ಕಥೆ ಯಾವುದು, ನಿಜ ಯಾವುದು ಗೊತ್ತಿಲ್ಲದೆ ಏನಲ್ಲ. ಗೊತ್ತಿದ್ದೂ ಸಂಕಟ ಆಗುತ್ತದೆ, ವಿಜ್ಞಾನಕ್ಕೆ ಕುತೂಹಲ ಇರುವುದೇ ಅಲ್ಲಿ.

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು ಒಂದು ಪ್ರಬಂಧ ಬರೆದರು. ಆಗ ಟಿವಿ ಅಮೆರಿಕದ ಮನೆಮನೆಗೆ ಬರುತ್ತಿದ್ದ ಕಾಲ. ದಿನಾ ತೆರೆಯ ಮೇಲೆ ಬಂದು ಮಾತಾಡುವ ನಿರೂಪಕರನ್ನು ಜನ ಪರಿಚಯದವರಂತೆ, ಗೆಳೆಯರಂತೆ ಕಾಣುತ್ತಾರೆ ಎಂದು ಅವರು ಗಮನಿಸಿದ್ದರು. ಈ ನಂಟಿಗೆ ಪ್ಯಾರಾಸೋಶಿಯಲ್ ಎಂದು ಹೆಸರಿಟ್ಟರು. ಅದು ಒಂದೇ ಕಡೆಯಿಂದ ಬೆಳೆಯುವ ನಂಟು. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ. ಆದರೆ ಅದು ಬೆಳೆಯುವ ದಾರಿ ಮಾಮೂಲಿ ಸ್ನೇಹದ ದಾರಿಯೇ: ಪದೇಪದೇ ಭೇಟಿ, ಅವರ ಸ್ವಭಾವದ ಪರಿಚಯ, ಮುಂದೆ ಏನು ಮಾಡುತ್ತಾರೆ ಎಂಬ ಅಂದಾಜು.

ತಿಂಗಳಿಗೊಂದು ಬರುವ ಕಾಮಿಕ್ಸ್‌ಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ಸಿನಿಮಾ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಸ್ಟೆಫನಿ ಹನ್ನೆರಡು ವರ್ಷ ಬರುತ್ತಿದ್ದಳು. ಹದಿಮೂರಕ್ಕೆ ಅವಳನ್ನು ಓದಲು ಶುರುಮಾಡಿದವರಿಗೆ ಅವಳು ಸಾಯುವಾಗ ಇಪ್ಪತ್ತೈದು. ಜೊತೆಗೆ ಕಾಮಿಕ್ಸ್‌ನಲ್ಲಿ ಪಾತ್ರದ ದನಿ ಕೇಳಿಸುವುದಿಲ್ಲ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಆದದ್ದು ಕಾಣಿಸುವುದಿಲ್ಲ. ಆ ದನಿ, ಆ ಚಲನೆ ಎಲ್ಲವನ್ನೂ ಓದುಗರೇ ತುಂಬಿಕೊಳ್ಳಬೇಕು. ಹಾಗಾಗಿ ಅರ್ಧ ಸ್ಟೆಫನಿಯನ್ನು ಓದುಗರೇ ಕಟ್ಟಿರುತ್ತಾರೆ ಎಂದರೆ ಜಾಸ್ತಿ ಆಗಲಾರದು.

ಮಿದುಳಿನ ಕಡೆಯಿಂದಲೂ ಒಂದು ಸುಳಿವು ಇದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಸಂಶೋಧಕರು ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ 19 ಅಭಿಮಾನಿಗಳ ಮಿದುಳನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ, ಅಂದರೆ ಮಿದುಳಿನ ಯಾವ ಜಾಗ ಚುರುಕಾಗಿದೆ ಎಂದು ತೋರಿಸುವ ಯಂತ್ರದಲ್ಲಿ, ನೋಡಿದರು. ತಮ್ಮ ಬಗ್ಗೆ, ಗೆಳೆಯರ ಬಗ್ಗೆ, ಪಾತ್ರಗಳ ಬಗ್ಗೆ ಯೋಚಿಸುವಾಗ ಏನಾಗುತ್ತದೆ ಎಂದು ಹೋಲಿಸಿದರು. ನಾವು ನಮ್ಮ ಬಗ್ಗೆಯೇ ಯೋಚಿಸುವಾಗ ಹಣೆಯ ಹಿಂದೆ, ಮಿದುಳಿನ ಮುಂಭಾಗದ ನಡುವಿನ ಒಂದು ಜಾಗ ಹೆಚ್ಚು ಚುರುಕಾಗುತ್ತದೆ. ಕಥೆಯ ಪಾತ್ರಗಳಲ್ಲಿ ಮುಳುಗುವ ಸ್ವಭಾವ ಯಾರಲ್ಲಿ ಹೆಚ್ಚಿತ್ತೋ, ಅವರಲ್ಲಿ ‘ನಾನು’ ಎಂಬ ಯೋಚನೆಗೂ ಪಾತ್ರದ ಯೋಚನೆಗೂ ಆ ಜಾಗದಲ್ಲಿ ಹೋಲಿಕೆ ಹೆಚ್ಚು ಕಂಡಿತು. ಹತ್ತೊಂಬತ್ತು ಜನ ಅಂದರೆ ಸಣ್ಣ ಗುಂಪು. ಅದರ ಮೇಲೆ ದೊಡ್ಡ ಸಿದ್ಧಾಂತ ಕಟ್ಟುವುದು ಬೇಡ. ಆದರೂ, ಅವಳು ಸತ್ತಾಗ ನನ್ನದೇ ಏನೋ ಹೋದ ಹಾಗಾಯಿತು ಎಂದು ಯಾರಾದರೂ ಹೇಳಿದರೆ ಸುಮ್ನೆ ನಕ್ಕುಬಿಡುವ ಹಾಗಿಲ್ಲ, ಅಲ್ವಾ?

ಮೆಚ್ಚಿನ ಪಾತ್ರ ಇಲ್ಲವಾದರೆ ಎಷ್ಟು ನೋವಾಗಬಹುದು ಎಂದು ಇಸ್ರೇಲಿನ ಸಂಶೋಧಕ ಜೊನಾಥನ್ ಕೋಹೆನ್ ಟಿವಿ ವೀಕ್ಷಕರನ್ನು ಕೇಳಿ, ಫಲಿತಾಂಶವನ್ನು 2004ರಲ್ಲಿ ಪ್ರಕಟಿಸಿದರು. ಪಾತ್ರದ ಜೊತೆ ನಂಟು ಗಟ್ಟಿಯಾಗಿದ್ದಷ್ಟೂ ನಿರೀಕ್ಷಿತ ನೋವು ಹೆಚ್ಚು. ನಿಜ ಜೀವನದ ಸಂಬಂಧಗಳಲ್ಲಿ ‘ಬಿಟ್ಟುಹೋಗುತ್ತಾರೇನೋ’ ಎಂಬ ಆತಂಕ ಇರುವವರಿಗೆ ಅದು ಇನ್ನೂ ಹೆಚ್ಚು. ಕಥೆಗೊಂದು, ಬದುಕಿಗೊಂದು ಎಂದು ಮನಸ್ಸು ಬೇರೆ ಬೇರೆ ಉಪಕರಣ ಇಟ್ಟುಕೊಂಡ ಹಾಗೆ ಕಾಣುವುದಿಲ್ಲ.

ಆದರೆ ನೋವು ಆಗುವುದು ಒಂದು, ವರ್ಷಗಟ್ಟಲೆ ಉಳಿಯುವುದು ಇನ್ನೊಂದು. ಕಾಮಿಕ್ಸ್‌ನಲ್ಲಿ ಸತ್ತವರು ಬೇಕಾದಷ್ಟು ಜನ ಇದ್ದಾರೆ. ಸ್ಟೆಫನಿ ಯಾಕೆ ಇಷ್ಟು ಅಂಟಿಕೊಂಡಳು? ನನಗೆ ಒಪ್ಪಿಗೆಯಾಗುವ ಉತ್ತರ ಆ ಗಾಜಿನ ಪೆಟ್ಟಿಗೆಯಲ್ಲೇ ಇದೆ.

ಸಾವು, ದುಃಖದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ಕೆನೆತ್ ಡೋಕಾ 1980ರ ದಶಕದ ಕೊನೆಗೆ ಒಂದು ಬಗೆಯ ದುಃಖವನ್ನು ಗುರುತಿಸಿದರು. ಕೆಲವು ಸಾವುಗಳಿಗೆ ಅಳುವ ಹಕ್ಕನ್ನು ಸಮಾಜ ಕೊಡುವುದಿಲ್ಲ. ವಿಚ್ಛೇದನ ಕೊಟ್ಟ ಗಂಡ ಸತ್ತರೆ, ಗುಟ್ಟಾಗಿ ಪ್ರೀತಿಸಿದವರು ಸತ್ತರೆ, ಸಾಕಿದ ನಾಯಿ ಸತ್ತರೆ ಯಾರೂ ಬಂದು ಸಮಾಧಾನ ಹೇಳುವುದಿಲ್ಲ. ಆ ದುಃಖಕ್ಕೆ ತಿಥಿ ಇಲ್ಲ, ಫೋಟೊಗೆ ಹಾರ ಇಲ್ಲ. ಹೊರಗೆ ಬರಲು ದಾರಿ ಇಲ್ಲದ್ದರಿಂದ ಅದನ್ನು ದಾಟುವುದು ಕಷ್ಟ ಎನ್ನುತ್ತಾರೆ ಡೋಕಾ. ಕಾಮಿಕ್ಸ್ ಓದುಗರ ದುಃಖ ಈ ಜಾತಿಯದೇ. ಸ್ಟೆಫನಿಯ ವಿಷಯದಲ್ಲಿ ಇದು ಎರಡು ಪಟ್ಟು. ಹೊರಗಿನ ಜಗತ್ತು ಅವಳ ಸಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಸರಿ. ಅವಳಿದ್ದ ಕಥೆಯ ಜಗತ್ತೂ ತೆಗೆದುಕೊಳ್ಳಲಿಲ್ಲ. ಜೇಸನ್‌ನ ಪೆಟ್ಟಿಗೆ ಕಥೆಯಲ್ಲಿ ಆಗಾಗ ಬಂದುಹೋಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಓದುಗರಿಗೆ ಪಕ್ಕದ ಖಾಲಿ ಜಾಗ ಕಾಣುತ್ತಿತ್ತು.

ಇದರ ಹಿಂದೆ ಹಳೆಯ ಸಿಟ್ಟೂ ಇತ್ತು. 1994ರಲ್ಲಿ ‘ಗ್ರೀನ್ ಲ್ಯಾಂಟರ್ನ್’ ಕಾಮಿಕ್ಸ್‌ನಲ್ಲಿ ಕಥಾನಾಯಕನ ಗೆಳತಿಯನ್ನು ಒಬ್ಬ ಖಳ ಕೊಂದು ಫ್ರಿಜ್‌ನಲ್ಲಿ ತುರುಕಿದ್ದ. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗರು, ಹೀಗೆ ಕೊಲೆಯಾದ, ಹಿಂಸೆಗೊಳಗಾದ, ಶಕ್ತಿ ಕಳೆದುಕೊಂಡ ಕಾಮಿಕ್ಸ್ ಹೆಂಗಸರ ಪಟ್ಟಿಯನ್ನೇ ಮಾಡಿದರು. ಆ ಪಟ್ಟಿ ಉದ್ದ ಇತ್ತು. ಮುಂದೆ ಅವರೇ ಹೆಸರಾಂತ ಕಾಮಿಕ್ಸ್ ಲೇಖಕಿಯಾದರು.

2006ರ ಹೊತ್ತಿಗೆ ಸ್ಟೆಫನಿಯ ಅಭಿಮಾನಿಗಳು, ಹೆಚ್ಚಾಗಿ ಹೆಂಗಸರು, ಒಟ್ಟಾಗಿ ಪತ್ರ ಬರೆದರು, ಪ್ರಚಾರ ಮಾಡಿದರು. ಅವರ ಬೇಡಿಕೆ ಕೇಳಲು ಚಿಕ್ಕದು. ಅವಳಿಗೂ ಒಂದು ಪೆಟ್ಟಿಗೆ ಇಡಿ. ಅವಳೂ ರಾಬಿನ್ ಆಗಿದ್ದಳು ಎಂದು ಒಪ್ಪಿಕೊಳ್ಳಿ. ಸತ್ತವರೊಡನೆ ನಂಟು ಕಡಿದುಕೊಂಡರೇ ದುಃಖ ಮುಗಿಯುವುದು ಎಂಬ ಹಳೆಯ ನಂಬಿಕೆ ಮನಶ್ಶಾಸ್ತ್ರದಲ್ಲಿ ಬಹಳ ಕಾಲ ಇತ್ತು. 1996ರಲ್ಲಿ ಸಂಶೋಧಕ ಡೆನಿಸ್ ಕ್ಲಾಸ್ ಮತ್ತು ಇಬ್ಬರು ಸಂಗಡಿಗರು ಇದನ್ನು ಪ್ರಶ್ನಿಸಿದರು. ಜನ ಸತ್ತವರೊಡನೆ ನಂಟನ್ನು ಬೇರೆ ರೂಪದಲ್ಲಿ ಮುಂದುವರಿಸುತ್ತಾರೆ, ಅದು ರೋಗವಲ್ಲ ಎಂದರು. ನಮ್ಮಲ್ಲಿ ಪಿತೃಪಕ್ಷದಲ್ಲಿ ಎಡೆ ಇಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳ ಉಡುಪು ಹೊಲಿದು ತೊಡುವುದು, ಅವಳ ಮೇಲೆ ಹೊಸ ಕಥೆ ಬರೆಯುವುದು, ಪೆಟ್ಟಿಗೆ ಕೇಳುವುದು, ಇವೆಲ್ಲ ಅದೇ ಕೆಲಸ.

2008ರಲ್ಲಿ ಡಿಸಿ ಅವಳನ್ನು ಬದುಕಿಸಿತು. ಅವಳು ಸತ್ತೇ ಇರಲಿಲ್ಲ, ಡಾಕ್ಟರ್ ಲೆಸ್ಲಿ ಥಾಂಪ್ಕಿನ್ಸ್ ಅವಳನ್ನು ಬಚ್ಚಿಟ್ಟಿದ್ದರು ಎಂದಿತು. ಬ್ಯಾಟ್‌ಮನ್‌ಗೆ ಅನುಮಾನ ಇತ್ತು, ಅದಕ್ಕೇ ಪೆಟ್ಟಿಗೆ ಇಡಲಿಲ್ಲ ಎಂಬ ಸಮಜಾಯಿಷಿಯೂ ಬಂತು. ಜಾಣತನದ ಉತ್ತರ, ಆದರೆ ನನಗೆ ಇದು ನುಣುಚಿಕೊಂಡ ಹಾಗೆಯೇ ಕಾಣುತ್ತದೆ. 2009ರಿಂದ 2011ರವರೆಗೆ ಅವಳು ಬ್ಯಾಟ್‌ಗರ್ಲ್ ಆಗಿ 24 ಸಂಚಿಕೆ ನಡೆಸಿದಳು. ಅಷ್ಟರಲ್ಲಿ ಕಂಪನಿ ತನ್ನ ಕಥಾಲೋಕವನ್ನೆಲ್ಲ ಅಳಿಸಿ ಮೊದಲಿಂದ ಶುರುಮಾಡಿತು. ಈ ಸಲ ಸ್ಟೆಫನಿ ಸಾಯಲಿಲ್ಲ. ಸುಮ್ಮನೆ ಇಲ್ಲವಾದಳು.

ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿದ ಪಾಲಿನ್ ಬಾಸ್ ಹೇಳುವ ಪ್ರಕಾರ ಇಂಥ ನಷ್ಟವೇ ಹೆಚ್ಚು ಕಾಡುವಂಥದ್ದು. ಹೋದರು ಎನ್ನುವ ಹಾಗೂ ಇಲ್ಲ, ಇದ್ದಾರೆ ಎನ್ನುವ ಹಾಗೂ ಇಲ್ಲ. ಆ ಮನೆಗಳ ಸಂಕಟದ ಪಕ್ಕದಲ್ಲಿ ಕಾಮಿಕ್ಸ್ ಇಡುವುದು ಅತಿಯಾಯಿತು, ನಿಜ. ಆದರೆ ಕಾಮಿಕ್ಸ್‌ನಲ್ಲಿ ಎಲ್ಲ ಸಾವೂ ಇದೇ ರೀತಿ. 1992ರಲ್ಲಿ ಸತ್ತ ಸೂಪರ್‌ಮ್ಯಾನ್ ಮರುವರ್ಷವೇ ಬಂದ. ಜೇಸನ್ ಕೂಡ 2005ರಲ್ಲಿ ವಾಪಸ್ ಬಂದ. ಯಾರಾದರೂ ವಾಪಸ್ ಬರಬಹುದು ಎಂದು ಗೊತ್ತಿರುವ ಓದುಗರು ದುಃಖವನ್ನು ಮುಗಿಸುವುದಾದರೂ ಹೇಗೆ?

2014ರಲ್ಲಿ ಸ್ಟೆಫನಿ ಮತ್ತೆ ಬಂದಳು. ಅದೇ ಹೆಸರು, ಅದೇ ಬದನೆಕಾಯಿ ಬಣ್ಣ. ಆದರೆ ಇವಳ ಬದುಕು ಹೊಸದು. ರಾಬಿನ್ ಆಗಿದ್ದ ದಿನಗಳು ಅದರಲ್ಲಿ ಇರಲಿಲ್ಲ. ಹಳೆಯ ಓದುಗರು ಖುಷಿಪಟ್ಟರು, ಅನುಮಾನವನ್ನೂ ಪಟ್ಟರು. 2021ರ ಕೊನೆಗೆ ಡಿಸಿ ಒಂದು ಕಿರುಸರಣಿ ಹೊರತಂದಿತು. ರಾಬಿನ್ ಉಡುಪು ತೊಟ್ಟಿದ್ದ ಐವರು ಅದರಲ್ಲಿ ಒಟ್ಟಿಗೆ ಸೇರುತ್ತಾರೆ. ನಾಲ್ವರು ಹುಡುಗರು, ಐದನೆಯವಳು ಸ್ಟೆಫನಿ.