ಮನೆ ಎದ್ದರೆ ಊರು ಎದ್ದಂತೆಯೇ?

ಭೂಕಂಪವೋ ಪ್ರವಾಹವೋ ಆದ ಮೇಲೆ ಪ್ರತಿ ಸಲವೂ ಅದೇ ವಾದ. ಜನರನ್ನು ಬೇರೆ ಕಡೆ ಸಾಗಿಸಬೇಕಾ, ಇದ್ದಲ್ಲೇ ಕಟ್ಟಿಕೊಡಬೇಕಾ? ಬೇಗ ಮುಗಿಸಬೇಕಾ, ನಿಧಾನವಾದರೂ ಗಟ್ಟಿಯಾಗಿ ಮಾಡಬೇಕಾ? ವಿಜ್ಞಾನ ನಮ್ಮ ಕಡೆಗಿದೆ ಎಂದು ಎಲ್ಲರೂ ಹೇಳುತ್ತಾರೆ. ಈ ಗಂಟು ಬಿಡಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1755ರ ನವೆಂಬರ್ 1ರಂದು ಪೋರ್ಚುಗಲ್‌ನ ಲಿಸ್ಬನ್ ನಗರ ಭೂಕಂಪ, ಸುನಾಮಿ, ಬೆಂಕಿ ಮೂರಕ್ಕೂ ತುತ್ತಾಯಿತು. ಆಗಿನ ಮಂತ್ರಿ ಪೊಂಬಾಲ್ ದೇಶದ ಚರ್ಚುಗಳಿಗೆಲ್ಲ ಪ್ರಶ್ನೆಪಟ್ಟಿ ಕಳಿಸಿದರು. ನೆಲ ಎಷ್ಟು ಹೊತ್ತು ನಡುಗಿತು? ಸಮುದ್ರ ಮೊದಲು ಏರಿತೋ ಇಳಿಯಿತೋ? ಎಷ್ಟು ಜನ ಸತ್ತರು? ಹೊಸ ಕಟ್ಟಡಗಳ ಗೋಡೆಯೊಳಗೆ ಮರದ ಪಂಜರ ಕೂರಿಸಲು ಶುರು ಮಾಡಿದ್ದೂ ಆಗಲೇ. ಮುಂದಿನ ಸುಮಾರು ಇನ್ನೂರು ವರ್ಷ ವಿಜ್ಞಾನ ನೆಲ, ನೀರು, ಗಾಳಿಯನ್ನು ಅಳೆಯುತ್ತಾ ಬಂತು. ಜನರನ್ನು ಕೇಳುವ ಕೆಲಸ ಹಿಂದೆ ಬಿತ್ತು.

ಅದರ ಬೆಲೆ ಚೆನ್ನಾಗಿ ಗೊತ್ತಾಗಿದ್ದು ಜಪಾನಿನ ಕೋಬೆಯಲ್ಲಿ. 1995ರ ಜನವರಿ 17ರ ಭೂಕಂಪದಲ್ಲಿ ಅಲ್ಲೂ ಸುತ್ತಮುತ್ತಲೂ ಸೇರಿ 6,400ಕ್ಕೂ ಜಾಸ್ತಿ ಜನ ತೀರಿಕೊಂಡರು. ತಾತ್ಕಾಲಿಕ ಮನೆಗಳನ್ನು ಲಾಟರಿ ಎತ್ತಿ ಹಂಚಿದರು. ವಯಸ್ಸಾದವರಿಗೆ ಮೊದಲ ಆದ್ಯತೆ. ನೋಡಲು ನ್ಯಾಯವಾಗಿಯೇ ಇತ್ತು. ಆದರೆ ನಲವತ್ತು ವರ್ಷ ಅಕ್ಕಪಕ್ಕ ಇದ್ದವರು ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಬಾಗಿಲು ತಟ್ಟಿ ವಿಚಾರಿಸುವವರಿಲ್ಲದೆ ಎಷ್ಟೋ ಮುದುಕರು ಒಂಟಿಯಾಗಿ ಪ್ರಾಣ ಬಿಟ್ಟರು. ಇಂಥ ಸಾವಿಗೆ ಜಪಾನಿನವರು ಕೊದೊಕುಶಿ ಎನ್ನುತ್ತಾರೆ. ಅದಕ್ಕೇ 2004ರಲ್ಲಿ ಜಪಾನಿನದೇ ನೀಗಾತ ಪ್ರಾಂತ್ಯದಲ್ಲಿ ಭೂಮಿ ನಡುಗಿದಾಗ ಯಮಕೋಶಿ ಹಳ್ಳಿಯವರನ್ನು ಕೇರಿ ಒಡೆಯದಂತೆ ಒಟ್ಟೊಟ್ಟಿಗೆ ಇರಿಸಿದರು.

2005ರಲ್ಲಿ ಅಮೆರಿಕಕ್ಕೆ ಅಪ್ಪಳಿಸಿದ ಕತ್ರಿನಾ ಚಂಡಮಾರುತದಲ್ಲಿ ಸ್ವಂತ ಮನೆ ಕಳೆದುಕೊಂಡ ಸಂಶೋಧಕ ಡೇನಿಯಲ್ ಆಲ್ಡ್ರಿಚ್ ಆಮೇಲೆ ಕೋಬೆಯೂ ಸೇರಿ ಹಲವು ಊರುಗಳನ್ನು ಹೋಲಿಸಿ ನೋಡಿದರು. ಊರು ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ಹಾನಿಗಿಂತ, ಬಂದ ದುಡ್ಡಿಗಿಂತ ಜಾಸ್ತಿ, ಜನರ ನಡುವಿನ ಒಡನಾಟದ ಮೇಲೆ ನಿಂತಿದೆ ಎಂದು ಅವರು ಕಂಡುಕೊಂಡರು. ಈಗ ಎಲ್ಲಿ ಎಷ್ಟು ಬಿದ್ದಿದೆ ಎಂದು ಉಪಗ್ರಹಗಳು ಕೆಲವೇ ದಿನದಲ್ಲಿ ತೋರಿಸುತ್ತವೆ. ಅದು ದೊಡ್ಡ ಉಪಕಾರವೇ. ಯಾರಿಗೆ ಯಾರು ಆಸರೆಯಾಗಿದ್ದರು ಅನ್ನೋದು ಮಾತ್ರ ಮೇಲಿನಿಂದ ಕಾಣುವುದಿಲ್ಲ.

ಇನ್ನು ಕಟ್ಟುವ ಮಾತು. ಮಹಾರಾಷ್ಟ್ರದಲ್ಲಿ 1993ರ ಕಿಲ್ಲಾರಿ ಭೂಕಂಪದ ನಂತರ 52 ಹಳ್ಳಿಗಳನ್ನು ಹೊಸ ಜಾಗಕ್ಕೆ ಸಾಗಿಸಿ, ನೇರ ಸಾಲಿನಲ್ಲಿ ಮನೆ ಕಟ್ಟಿಕೊಟ್ಟರು. 2001ರ ಭೂಕಂಪದ ನಂತರ ಗುಜರಾತ್ ಹೆಚ್ಚಾಗಿ ಬೇರೆ ದಾರಿ ಹಿಡಿಯಿತು. ದುಡ್ಡು ಕಂತಿನಲ್ಲಿ ಮನೆಯವರ ಕೈಗೆ, ತರಬೇತಿ ಸಾವಿರಾರು ಮೇಸ್ತ್ರಿಗಳಿಗೆ.

ಆ ತರಬೇತಿ ಯಾಕೆ ಮುಖ್ಯ ಎನ್ನಲು ಒಂದೇ ಉದಾಹರಣೆ ಸಾಕು. ಕಾಂಕ್ರೀಟ್ ಕಂಬದೊಳಗಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗ್ ಇರುತ್ತದಲ್ವಾ, ಅದರ ತುದಿಯನ್ನು 90 ಡಿಗ್ರಿಗೆ ಬಗ್ಗಿಸಿ ಬಿಟ್ಟರೆ ನೆಲ ಜೋರಾಗಿ ಅಲುಗಿದಾಗ ಹೊರಗಿನ ಕಾಂಕ್ರೀಟ್ ಉದುರಿ ರಿಂಗ್ ಬಿಚ್ಚಿಕೊಳ್ಳುತ್ತದೆ. ಕಂಬಿಗಳು ಹೊರಕ್ಕೆ ಬಾಗುತ್ತವೆ, ಕಂಬ ಕುಸಿಯುತ್ತದೆ. ಅದೇ ತುದಿಯನ್ನು 135 ಡಿಗ್ರಿಗೆ ಒಳಮುಖವಾಗಿ ಮಡಚಿದರೆ ಕಾಂಕ್ರೀಟನ್ನು ಕಚ್ಚಿಕೊಂಡು ಕೂರುತ್ತದೆ. ಖರ್ಚೇನೂ ಜಾಸ್ತಿ ಇಲ್ಲ. ಎಂಜಿನಿಯರುಗಳಿಗೆ ಬಹಳ ವರ್ಷದಿಂದ ಗೊತ್ತಿದ್ದ ಈ ಮಡಿಕೆ, ಕಂಬಿ ಬಗ್ಗಿಸುವವರ ಕೈಗೆ ಬಂದಾಗಲೇ ಮನೆ ಉಳಿಯುವುದು.

2015ರ ಮಾರ್ಚ್ 18ರಂದು ಜಪಾನಿನ ಸೆಂಡೈನಲ್ಲಿ ಸೇರಿದ್ದ ದೇಶಗಳು ವಿಪತ್ತಿನ ಅಪಾಯ ತಗ್ಗಿಸಲು 2030ರವರೆಗಿನ ಒಂದು ಚೌಕಟ್ಟನ್ನು ಒಪ್ಪಿದವು. ಮತ್ತೆ ಕಟ್ಟುವಾಗ ಮೊದಲಿಗಿಂತ ಚೆನ್ನಾಗಿ ಕಟ್ಟಬೇಕು ಎಂಬುದು ಅದರಲ್ಲಿತ್ತು. ಐದು ವಾರ ಕಳೆದು, ಏಪ್ರಿಲ್ 25ಕ್ಕೆ ನೇಪಾಳ ನಡುಗಿತು. ಸುಮಾರು 9,000 ಜನ ಸತ್ತರು. ಅಲ್ಲೂ ಕಂತಿನ ದುಡ್ಡು, ಹಂತಹಂತಕ್ಕೆ ತಪಾಸಣೆ. ಕಟ್ಟಿದ ಮನೆಗಳು ಮೊದಲಿಗಿಂತ ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ಗಡುವಿನೊಳಗೆ ಮುಗಿಸಿ ಕಂತು ಪಡೆಯಲು ಎಷ್ಟೋ ಕುಟುಂಬಗಳು ಒಂದೇ ಕೋಣೆಯ ಮನೆ ಕಟ್ಟಿದವು. ಒಲೆ, ಕಾಳು, ಮಕ್ಕಳು, ಅಜ್ಜ ಅಜ್ಜಿ ಎಲ್ಲಾ ಒಂದೇ ಕೋಣೆಯಲ್ಲಿ ಹಿಡಿಸುವುದು ಹೇಗೆ? ಕೆಲವರು ಬಿರುಕು ಬಿಟ್ಟ ಹಳೆ ಮನೆಯನ್ನೇ ಮತ್ತೆ ಬಳಸತೊಡಗಿದರು. ಲೆಕ್ಕದಲ್ಲಿ ಅವರ ಹೊಸ ಮನೆ ಪೂರ್ತಿಯಾಗಿದೆ.