ಕ್ಯಾಂಪ್‌ಫೈರ್ ಪಾಠ: ಉರಿಯುವುದು ಸೌದೆಯಲ್ಲ

ಬೆಂಕಿಗೆ ಮೂರು ಬೇಕು: ಉರಿಯುವ ವಸ್ತು, ಆಮ್ಲಜನಕ, ಶಾಖ. ಇದು ಎಲ್ಲರಿಗೂ ಬಾಯಿಪಾಠ. ಆದರೆ ದಪ್ಪ ಕೊರಡಿಗೆ ಕಡ್ಡಿ ಗೀರಿ ಹಿಡಿದು ನೋಡಿ. ಅದು ಸುಮ್ನೆ ಕಪ್ಪಾಗುತ್ತದೆ, ಅಷ್ಟೇ. ಮೂರೂ ಅಲ್ಲೇ ಇದ್ದವು, ಅಲ್ವಾ?

ಕೊರಡು ಏಕೆ ಹೊತ್ತಲಿಲ್ಲ ಎಂದು ನನಗೆ ತಿಳಿದದ್ದು ಮೇಣದ ಬತ್ತಿಯಿಂದ. ಉರಿಯುವ ಬತ್ತಿಯನ್ನು ಊದಿ ಆರಿಸಿದರೆ ಬಿಳಿ ಹೊಗೆಯ ಎಳೆ ಏಳುತ್ತದೆ. ಹೊತ್ತಿದ ಕಡ್ಡಿಯನ್ನು ಬತ್ತಿಗೆ ತಾಗಿಸದೆ ಆ ಹೊಗೆಗೆ ಹಿಡಿಯಿರಿ. ಉರಿ ಎಳೆಯುದ್ದಕ್ಕೂ ಕೆಳಗೆ ಓಡಿ ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಉರಿದದ್ದು ಮೇಣದ ಆವಿ. 1860ರ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ವಿಜ್ಞಾನಿ ಮೈಕೇಲ್ ಫ್ಯಾರಡೆ ಇದನ್ನು ಮಕ್ಕಳಿಗೆ ತೋರಿಸಿದ್ದರು.

ಸೌದೆಯೂ ಹಾಗೆಯೇ. ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಅದು ಒಡೆದು ಅನಿಲ ಬಿಡುತ್ತದೆ. ಜ್ವಾಲೆ ಆ ಅನಿಲದ್ದು. ಅನಿಲವೆಲ್ಲ ಹೋದ ಮೇಲೆ ಉಳಿಯುವುದು ಇದ್ದಿಲು. ಕೆಂಡಕ್ಕೆ ಜ್ವಾಲೆ ಕಡಿಮೆ, ಏಕೆಂದರೆ ಅಲ್ಲಿ ಆಮ್ಲಜನಕವೇ ಇದ್ದಿಲಿನ ಮೈಗೆ ಬಂದು ಸೇರುತ್ತದೆ.

ಹಾಗಾದರೆ ಚಕ್ಕೆ, ಪುಳ್ಳೆ ಮೊದಲು ಏಕೆ? 10 ಸೆಂ.ಮೀ. ಅಂಚಿನ ಮರದ ಘನದ ಮೇಲ್ಮೈ 600 ಚದರ ಸೆಂ.ಮೀ. ಅದನ್ನೇ 1 ಸೆಂ.ಮೀ. ಘನಗಳಾಗಿ ಕತ್ತರಿಸಿದರೆ 6,000. ಮರ ಅಷ್ಟೇ, ಶಾಖ ಮತ್ತು ಗಾಳಿ ತಾಗುವ ಜಾಗ ಹತ್ತು ಪಟ್ಟು. ಜೊತೆಗೆ, ತೆಳು ಚಕ್ಕೆಯಲ್ಲಿ ಶಾಖ ಒಳಗೆಲ್ಲೋ ಹರಿದು ಹೋಗಲು ಜಾಗವಿಲ್ಲ, ಬೇಗ ಕಾಯುತ್ತದೆ.

ಹಸಿ ಸೌದೆಯ ಕಥೆ ಬೇರೆ. ಅದರ ಕತ್ತರಿಸಿದ ತುದಿಯನ್ನು ಗಮನಿಸಿ: ನೀರು ನೊರೆಯಾಗಿ ಉಕ್ಕುತ್ತದೆ, ಸುಯ್ ಅನ್ನುತ್ತದೆ. ಕುದಿಯುವ 1 ಕೆ.ಜಿ. ನೀರನ್ನು ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಬೇಕು. ಅದೇ ನೀರನ್ನು 0ಯಿಂದ 100 ಡಿಗ್ರಿಗೆ ತರಲು ಬೇಕಾದದ್ದರ ಐದು ಪಟ್ಟಿಗಿಂತ ಜಾಸ್ತಿ! ನೀರು ಇರುವಷ್ಟು ಹೊತ್ತು ಆ ಭಾಗದ ಬಿಸಿ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಗಾಳಿಯ ವಿಷಯದಲ್ಲಿ ನಾನೇ ಎಡವಿದ್ದೆ. ಸೌದೆಯನ್ನು ಒತ್ತೊತ್ತಾಗಿ ಜೋಡಿಸಿ, ಮೇಲಿನಿಂದ ಊದಿ ಊದಿ ಕಣ್ಣು ಕೆಂಪಾಯಿತು. ಬಿಸಿ ಗಾಳಿ ಮೇಲೇರುತ್ತದೆ, ಹೊಸ ಗಾಳಿ ಬುಡದಿಂದ ಬರಬೇಕು. ಅಲ್ಲಿ ಸಂದು ಬಿಡಿ, ಊದುವುದೂ ಬುಡಕ್ಕೇ.

ಹಾಗೆಂದು ತೀರಾ ಬಿಡಿಬಿಡಿಯಾಗಿ ಇಟ್ಟರೂ ಆಗದು. ಉರಿಯುವ ಎರಡು ಕೊರಡು ಹತ್ತಿರವಿದ್ದರೆ ಒಂದು ಇನ್ನೊಂದನ್ನು ಕಾಯಿಸುತ್ತಿರುತ್ತದೆ. ದೂರ ಎಳೆದರೆ ಎರಡೂ ಮಂಕಾಗುತ್ತವೆ, ಮತ್ತೆ ಸೇರಿಸಿದರೆ ಭಗ್ ಅನ್ನುತ್ತವೆ.