ಒಂದೇ ಸಪ್ಲೈ, ಆರು ಲ್ಯಾಪ್‌ಟಾಪ್: ಸುಡುವುದು ಯಾವುದು?

ತರಬೇತಿ ಕೊಠಡಿ, ಸಣ್ಣ ಆಫೀಸು, ಸೋಲಾರ್ ಮೇಲೆ ನಡೆಯುವ ಕೆಲಸದ ಜಾಗ, ಇಂಥ ಕಡೆ ವೈರಿಂಗ್ ಮಾಡಿಕೊಡುವುದು ನನ್ನ ಕೆಲಸ. ಅಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಆರು ಲ್ಯಾಪ್‌ಟಾಪ್‌ಗೆ ಆರು ಅಡಾಪ್ಟರ್ ಯಾಕೆ? 20 ವೋಲ್ಟ್, 30 ಆಂಪ್‌ನ ಒಂದು ದೊಡ್ಡ ಎಸ್‌ಎಂಪಿಎಸ್ (ಗೋಡೆಯ ಎಸಿಯನ್ನು ಡಿಸಿ ಮಾಡಿ ಕೊಡುವ ಸಪ್ಲೈ ಡಬ್ಬಿ) ಇಟ್ಟು ಎಲ್ಲಕ್ಕೂ ಅದರಿಂದಲೇ ಲೈನ್ ಎಳೆದರೆ ಆಗಲ್ವಾ? ಇದರ ಬೆನ್ನಿಗೇ ಇನ್ನೊಂದು: 30 ಆಂಪ್ ಒಳಗೆ ನುಗ್ಗಿ ಲ್ಯಾಪ್‌ಟಾಪ್ ಸುಟ್ಟುಹೋದರೆ?

ಲ್ಯಾಪ್‌ಟಾಪ್ ಸುಡುವುದಿಲ್ಲ. ವೋಲ್ಟೇಜ್ ಸರಿ ಇದ್ದರೆ ಅದು ತನಗೆ ಬೇಕಾದಷ್ಟು ಕರೆಂಟನ್ನು ಮಾತ್ರ ಎಳೆದುಕೊಳ್ಳುತ್ತದೆ. ಗೋಡೆಯ ಸಾಕೆಟ್ 16 ಆಂಪ್ ಕೊಡಬಲ್ಲದು, ಅದಕ್ಕೆ ಮೊಬೈಲ್ ಚಾರ್ಜರ್ ಚುಚ್ಚಿದರೆ ಏನೂ ಆಗುವುದಿಲ್ಲ ಅಲ್ವಾ? ನಾವು ಚಾರ್ಜರ್ ಅನ್ನುವ ಕಪ್ಪು ಡಬ್ಬಿ ಬರೀ ಅಡಾಪ್ಟರ್. ಅದು ಕೊಡುವುದು 19 ಅಥವಾ 20 ವೋಲ್ಟ್ ಡಿಸಿ, ಅಷ್ಟೇ. ನಿಜವಾದ ಚಾರ್ಜರ್ ಲ್ಯಾಪ್‌ಟಾಪ್‌ನ ಬೋರ್ಡ್ ಮೇಲೆಯೇ ಇದೆ. ಮೂರು ಸೆಲ್ ಸರಣಿಯ ಬ್ಯಾಟರಿಗೆ 12.6 ವೋಲ್ಟ್, ನಾಲ್ಕರದ್ದಕ್ಕೆ 16.8 ವೋಲ್ಟ್, ಹೀಗೆ ಇಳಿಸಿ, ಅಳೆದು ತುಂಬುವುದು ಅದರ ಕೆಲಸ. ಹೊರಗೆ ಎಷ್ಟು ಆಂಪ್ ಸಿಗುತ್ತದೆ ಅನ್ನುವುದರ ಗೊಡವೆ ಅದಕ್ಕಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ವೈರ್‌ನಲ್ಲಿ.

65 ವ್ಯಾಟ್‌ನ ಸಣ್ಣ ಅಡಾಪ್ಟರ್ ಒಂದು ಉಪಕಾರವನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ. ವೈರ್ ಎಲ್ಲೋ ಜಜ್ಜಿ ಶಾರ್ಟ್ ಆದರೆ ಅಡಾಪ್ಟರ್ ನಾಲ್ಕೈದು ಆಂಪ್ ದಾಟುವಷ್ಟರಲ್ಲಿ ಕೈ ಎತ್ತುತ್ತದೆ, ಔಟ್‌ಪುಟ್ ಬಂದ್ ಮಾಡುತ್ತದೆ. ಆ ತೆಳು ವೈರ್‌ಗೆ ಅದೇ ಕಾವಲು. ಅದನ್ನು ತೆಗೆದು 30 ಆಂಪ್‌ನ ಸಪ್ಲೈ ಇಟ್ಟರೆ ಕಾವಲೂ ಹೋಯಿತು. ಒಂದು ಕವಲಿನಲ್ಲಿ ಅರೆಬರೆ ಶಾರ್ಟ್ ಆಗಿ 25 ಆಂಪ್ ಹರಿಯತೊಡಗಿದರೂ ಸಪ್ಲೈ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಅದರ ಮಿತಿ 30 ತಾನೆ!

ಲೆಕ್ಕ ಹಾಕಿ ನೋಡಿ. 0.75 ಸ್ಕ್ವೇರ್ ಎಂಎಂ ತಾಮ್ರದ ವೈರ್, ಎರಡು ಮೀಟರ್. ಹೋಗಿ ಬರುವ ದಾರಿ ಸೇರಿ ನಾಲ್ಕು ಮೀಟರ್, ಅಂದರೆ ಸುಮಾರು 0.09 ಓಮ್. ಮಾಮೂಲಿ 3.25 ಆಂಪ್ ಹರಿದಾಗ ಆ ವೈರ್‌ನಲ್ಲಿ ಹುಟ್ಟುವ ಬಿಸಿ ಒಂದು ವ್ಯಾಟ್ ಅಷ್ಟೇ, ಮುಟ್ಟಿದರೆ ಗೊತ್ತೂ ಆಗುವುದಿಲ್ಲ. ಅದೇ 25 ಆಂಪ್ ಆದರೆ 55 ವ್ಯಾಟ್ ದಾಟುತ್ತದೆ. ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಮಾಮೂಲಿ ಪಿವಿಸಿ ಹೊದಿಕೆಯನ್ನು 70 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಲು ಮಾಡಿರುತ್ತಾರೆ. ಮೇಜಿನ ಹಿಂದೆ ಕಟ್ಟು ಕಟ್ಟಿ ತುರುಕಿದ ವೈರ್ ಅದನ್ನು ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಸಪ್ಲೈ ಮಾತ್ರ ಹಸಿರು ದೀಪ ತೋರಿಸುತ್ತಲೇ ಇರುತ್ತದೆ.

ಇದಕ್ಕೆ ಮದ್ದು ಅಗ್ಗದ್ದೇ. ಪ್ರತಿ ಲ್ಯಾಪ್‌ಟಾಪ್‌ನ ಲೈನಿಗೆ ಬೇರೆ ಫ್ಯೂಸ್. 65 ವ್ಯಾಟ್‌ನದಕ್ಕೆ 5 ಆಂಪ್ ಸಾಕು. ಫ್ಯೂಸ್ ಕೂರಬೇಕಾದದ್ದು ಸಪ್ಲೈ ಪಕ್ಕದಲ್ಲಿ, ಲ್ಯಾಪ್‌ಟಾಪ್ ತುದಿಯಲ್ಲಲ್ಲ. ಲ್ಯಾಪ್‌ಟಾಪ್ ಹತ್ತಿರ ಹಾಕಿದರೆ ನಡುವಿನ ಅಷ್ಟೂ ವೈರ್ ದಿಕ್ಕಿಲ್ಲದೆ ಉಳಿಯುತ್ತದೆ. ವಾಹನಗಳಿಗೆ ಬರುವ ಬ್ಲೇಡ್ ಫ್ಯೂಸ್ ಬಾಕ್ಸ್ ಇದಕ್ಕೆ ಸೊಗಸಾಗಿ ಹೊಂದುತ್ತದೆ. ಅದರ ಮೇಲೆ ಸಾಮಾನ್ಯವಾಗಿ 32 ವೋಲ್ಟ್ ಡಿಸಿ ಎಂದು ಬರೆದಿರುತ್ತದೆ, 20ಕ್ಕೂ, ಮುಂದೆ ಹೇಳುವ 24ಕ್ಕೂ ಧಾರಾಳ.

ವೈರ್‌ನದ್ದೇ ಇನ್ನೊಂದು ತಕರಾರು ವೋಲ್ಟೇಜ್ ಕುಸಿತ. ಆರು ಲ್ಯಾಪ್‌ಟಾಪ್, ತಲಾ 65 ವ್ಯಾಟ್, ಒಟ್ಟು 390 ವ್ಯಾಟ್. 20 ವೋಲ್ಟ್‌ನಲ್ಲಿ ಅದು ಹತ್ತಿರ ಹತ್ತಿರ 20 ಆಂಪ್. 1.5 ಸ್ಕ್ವೇರ್‌ನ ಒಂದೇ ಜೋಡಿ ವೈರನ್ನು ಐದು ಮೀಟರ್ ಎಳೆದು, ಅಲ್ಲಿಂದ ಕವಲು ಒಡೆದರೆ ದಾರಿಯಲ್ಲೇ 2.3 ವೋಲ್ಟ್ ಹೋಗುತ್ತದೆ. ಕೊನೆಗೆ ತಲುಪುವುದು 17.7. ಲ್ಯಾಪ್‌ಟಾಪ್ ತನ್ನ ವ್ಯಾಟ್ ಬಿಟ್ಟುಕೊಡುವುದಿಲ್ಲ. ವೋಲ್ಟೇಜ್ ಇಳಿದರೆ ಆಂಪ್ ಏರಿಸುತ್ತದೆ, ಆಂಪ್ ಏರಿದರೆ ಕುಸಿತ ಇನ್ನೂ ಜಾಸ್ತಿ. ಒಂದು ಹಂತದಲ್ಲಿ ಚಾರ್ಜಿಂಗ್ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಜನ ಬ್ಯಾಟರಿಯನ್ನು ಬೈಯುತ್ತಾರೆ. ಅದರ ಬದಲು ಫ್ಯೂಸ್ ಬಾಕ್ಸಿನಿಂದಲೇ ಪ್ರತಿ ಲ್ಯಾಪ್‌ಟಾಪ್‌ಗೆ 1.5ರ ಬೇರೆ ಜೋಡಿ ಎಳೆದರೆ ಅದೇ ಐದು ಮೀಟರ್‌ಗೆ ಕುಸಿತ 0.4 ವೋಲ್ಟ್ ಮಾತ್ರ.

ಇಷ್ಟು ಮಾಡಿದ ಮೇಲೂ ದುಂಡು ಪಿನ್ನಿನ ಕಾಟ ತಪ್ಪುವುದಿಲ್ಲ. ಒಂದಕ್ಕೆ 19 ವೋಲ್ಟ್, ಇನ್ನೊಂದಕ್ಕೆ 19.5, ಮತ್ತೊಂದಕ್ಕೆ 20. ಈ ಅರ್ಧ ವೋಲ್ಟ್ ವ್ಯತ್ಯಾಸ ಸಾಮಾನ್ಯವಾಗಿ ನಡೆಯುತ್ತದೆ. ಗುರುತಿನ ತಂತಿ ಮಾತ್ರ ನಡೆಯುವುದಿಲ್ಲ. ಡೆಲ್ ಅಡಾಪ್ಟರ್‌ನ ದುಂಡು ಪಿನ್ನಿನ ಒಳಗೆ ನಡುವೆ ಒಂದು ಸೂಜಿ ಇರುತ್ತದಲ್ಲ, ಅದು ಕರೆಂಟಿಗಲ್ಲ. ಅಡಾಪ್ಟರ್ ಎಷ್ಟು ವ್ಯಾಟ್‌ನದು ಎಂದು ಲ್ಯಾಪ್‌ಟಾಪ್‌ಗೆ ಹೇಳಲು. ಆ ಮಾಹಿತಿ ಬರದಿದ್ದರೆ ಲ್ಯಾಪ್‌ಟಾಪ್ ಆನ್ ಏನೋ ಆಗುತ್ತದೆ, ಆದರೆ ಬ್ಯಾಟರಿ ಚಾರ್ಜ್ ಮಾಡುವುದಿಲ್ಲ, ಪ್ರೊಸೆಸರ್ ವೇಗವನ್ನೂ ಇಳಿಸುತ್ತದೆ. ಬೇರೆ ಕಂಪನಿಗಳೂ ಇಂಥದ್ದೇ ಉಪಾಯಗಳನ್ನು ಮಾಡಿವೆ. ಸುಮ್ನೆ ಪಾಸಿಟಿವ್, ನೆಗೆಟಿವ್ ಕೊಟ್ಟರೆ ಸಾಲದು.

ಹಾಗಾಗಿ ಈಗ ಯಾರಾದರೂ ಕೇಳಿದರೆ ದುಂಡು ಪಿನ್ ಬಿಡಿ, ಯುಎಸ್‌ಬಿ-ಸಿ ಹಿಡಿಯಿರಿ ಅನ್ನುತ್ತೇನೆ. ಪವರ್ ಡೆಲಿವರಿ ಪದ್ಧತಿಯಲ್ಲಿ ಲ್ಯಾಪ್‌ಟಾಪ್ ಮತ್ತು ಚಾರ್ಜರ್ ಮೊದಲು ಮಾತಾಡಿಕೊಳ್ಳುತ್ತವೆ. 5, 9, 15, 20 ವೋಲ್ಟ್‌ಗಳಲ್ಲಿ ಯಾವುದು, ಎಷ್ಟು ಆಂಪ್ ಎಂದು ತೀರ್ಮಾನವಾಗುವವರೆಗೆ ಬರೀ 5 ವೋಲ್ಟ್, ಆದ ಮೇಲೆಯೇ ಪೂರ್ತಿ ಕರೆಂಟು. 2021ರ 3.1 ಆವೃತ್ತಿಯಿಂದ 48 ವೋಲ್ಟ್, 240 ವ್ಯಾಟ್‌ವರೆಗೂ ದಾರಿ ಇದೆ. ಕೇಬಲ್ ಮಾತ್ರ ನೋಡಿ ಕೊಳ್ಳಿ. ಮಾಮೂಲಿ ಕೇಬಲ್ 3 ಆಂಪ್‌ಗೆ ನಿಲ್ಲುತ್ತದೆ, ಅಂದರೆ 60 ವ್ಯಾಟ್. 5 ಆಂಪ್ ಬೇಕಾದರೆ ಒಳಗೆ ಗುರುತಿನ ಚಿಪ್ ಇರುವ ಕೇಬಲ್ಲೇ ಆಗಬೇಕು.

ಎರಡು ಮೂರು ಲ್ಯಾಪ್‌ಟಾಪ್ ಇದ್ದರೆ ಹಲವು ಪೋರ್ಟ್‌ಗಳ ಒಂದು ಒಳ್ಳೆಯ ಚಾರ್ಜರ್ ಸಾಕು. ಡಬ್ಬದ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. 100 ವ್ಯಾಟ್ ಅನ್ನುವುದು ಎಷ್ಟೋ ಸಲ ಒಂದೇ ಪೋರ್ಟ್ ಬಳಸಿದಾಗ ಮಾತ್ರ. ಎರಡನೆಯದಕ್ಕೆ ಚುಚ್ಚಿದೊಡನೆ 65 ಮತ್ತು 30 ಎಂದು ಪಾಲಾಗಬಹುದು. ಈ ಹಂಚಿಕೆ ಸಣ್ಣ ಅಕ್ಷರದಲ್ಲಿ ಎಲ್ಲೋ ಇರುತ್ತದೆ, ಹುಡುಕಿ ಓದಿ. ಹೊಸದೊಂದನ್ನು ಚುಚ್ಚಿದಾಗ ಹಂಚಿಕೆ ಬದಲಾಗುವ ಚಾರ್ಜರ್‌ಗಳಲ್ಲಿ ಉಳಿದ ಪೋರ್ಟ್‌ಗಳೂ ಒಂದೆರಡು ಸೆಕೆಂಡ್ ನಿಂತು ಮತ್ತೆ ಶುರುವಾಗುವುದುಂಟು. ಬ್ಯಾಟರಿ ಚೆನ್ನಾಗಿದ್ದರೆ ಗೊತ್ತೇ ಆಗುವುದಿಲ್ಲ. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ಆದರೆ ಪಕ್ಕದವರು ಫೋನ್ ಚುಚ್ಚಿದ ತಪ್ಪಿಗೆ ನಿಮ್ಮ ಫೈಲ್ ಹೋಯಿತು.

ಸಂಖ್ಯೆ ಜಾಸ್ತಿ ಇದ್ದರೆ, ಅಥವಾ ಸೋಲಾರ್ ಬ್ಯಾಟರಿ ಹೇಗೂ ಇದ್ದರೆ, ನನಗೆ ಇಷ್ಟವಾದ ದಾರಿ 24 ವೋಲ್ಟ್ ಡಿಸಿ ಲೈನ್. ಪ್ರತಿ ಕವಲಿಗೆ ಫ್ಯೂಸ್, ಅದರ ತುದಿಯಲ್ಲಿ 24ರಿಂದ ಯುಎಸ್‌ಬಿ-ಸಿ ಪವರ್ ಡೆಲಿವರಿ ಕೊಡುವ ಮಾಡ್ಯೂಲ್. ಆಗ ಸಪ್ಲೈ ಒಂದೇ ಆದರೂ ಪ್ರತಿ ಲ್ಯಾಪ್‌ಟಾಪ್‌ಗೆ ತನ್ನದೇ ವೋಲ್ಟೇಜ್, ತನ್ನದೇ ಕರೆಂಟ್ ಮಿತಿ. ಮೊದಲು ಹೇಳಿದ ಕಾವಲು ವಾಪಸ್ ಬಂತು. ಇನ್ವರ್ಟರ್ ಹಾಕಿ ಎಸಿ ಮಾಡಿ, ಮತ್ತೆ ಅಡಾಪ್ಟರ್‌ನಲ್ಲಿ ಡಿಸಿ ಮಾಡುವ ಸುತ್ತೂ ತಪ್ಪುತ್ತದೆ. ಸೋಲಾರ್ ಇಲ್ಲ, ಗೋಡೆಯಲ್ಲಿ ಸಾಕೆಟ್‌ಗಳಿವೆ ಅನ್ನುವವರಿಗೆ ನನ್ನ ಸಲಹೆ ಬೇರೆ: ಅವರವರ ಅಡಾಪ್ಟರೇ ಇರಲಿ, ಒಂದು ಗಟ್ಟಿ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ. ನೋಡಲು ಚೆಂದ ಅಂತ ಸರ್ಕ್ಯೂಟ್ ಬದಲಿಸಬೇಕಿಲ್ಲ.

ಸಪ್ಲೈ ಆರಿಸುವಾಗ ಎಲ್ಲ ಲ್ಯಾಪ್‌ಟಾಪ್ ಒಟ್ಟಿಗೆ ಖಾಲಿಯಾಗಿ ಬರುವ ಬೆಳಗನ್ನೇ ನೆನೆದು ಲೆಕ್ಕ ಹಾಕಿ. ತುಂಬಿದ ಲ್ಯಾಪ್‌ಟಾಪ್ ಸಾಮಾನ್ಯ ಕೆಲಸಕ್ಕೆ 10–20 ವ್ಯಾಟ್ ಎಳೆದರೆ, ಖಾಲಿಯದ್ದು ಪೂರ್ತಿ 65 ಕೇಳುತ್ತದೆ. 390ಕ್ಕೆ 500 ವ್ಯಾಟ್‌ನದು ಹಾಕಿ. ಓವರ್‌ವೋಲ್ಟೇಜ್ ರಕ್ಷಣೆ, ಅಂದರೆ ವೋಲ್ಟೇಜ್ ಮಿತಿ ಮೀರಿದರೆ ತಾನೇ ಬಂದ್ ಆಗುವ ಏರ್ಪಾಡು, ಇದೆಯಾ ಎಂದು ಕೇಳಿ ಕೊಳ್ಳಿ. ಒಂದು ಅಡಾಪ್ಟರ್ ಕೆಟ್ಟರೆ ಒಂದು ಲ್ಯಾಪ್‌ಟಾಪ್ ಹೋಗುತ್ತದೆ, ಇಲ್ಲಿ ಆರೂ ಹೋಗುತ್ತವೆ.

ಕೊನೆಗೆ, ಎಲೆಕ್ಟ್ರಿಷಿಯನ್‌ಗಳೂ ಮರೆಯುವ ಒಂದು ವಿಷಯ. ಒಂದೇ ಸಪ್ಲೈ ಅಂದರೆ ಎಲ್ಲ ಲ್ಯಾಪ್‌ಟಾಪ್‌ಗಳ ನೆಗೆಟಿವ್ ಒಂದೇ. ಎರಡು ಲ್ಯಾಪ್‌ಟಾಪ್‌ಗೂ ಒಂದೇ ಮಾನಿಟರಿನ ಎಚ್‌ಡಿಎಂಐ ಕೇಬಲ್ ಹೋಗಿದೆ ಅನ್ನಿ. ಒಂದರ ನೆಗೆಟಿವ್ ಸ್ಕ್ರೂ ಸಡಿಲವಾದರೆ ಆ ಲ್ಯಾಪ್‌ಟಾಪ್ ನಿಲ್ಲುವುದಿಲ್ಲ. ಅದರ ವಾಪಸ್ ಕರೆಂಟು ಎಚ್‌ಡಿಎಂಐ ಕೇಬಲ್‌ನ ಹೊರಕವಚದ ಮೂಲಕ, ಮಾನಿಟರ್ ಹಾದು, ಪಕ್ಕದ ಲ್ಯಾಪ್‌ಟಾಪ್‌ನ ನೆಗೆಟಿವ್‌ಗೆ ಹೋಗುತ್ತದೆ. ಮೊದಲು ಪರದೆ ಮಿಣುಕುತ್ತದೆ, ಸ್ಪೀಕರ್ ಗುಂಯ್‌ಗುಡುತ್ತದೆ, ಆಮೇಲೆ ಒಂದು ದಿನ ಪೋರ್ಟ್ ಕೆಡುತ್ತದೆ. ನೆಗೆಟಿವ್ ಕಡೆಯಲ್ಲಿ ಫ್ಯೂಸಾಗಲಿ, ಸ್ವಿಚ್ಚಾಗಲಿ ಹಾಕಬಾರದು ಅನ್ನುವುದೂ ಇದಕ್ಕೇ. ಎಲ್ಲ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿರುವಾಗ ಡಿಸಿ ವೋಲ್ಟೇಜ್‌ಗೆ ಇಟ್ಟ ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಎಲ್ಲ ನೆಗೆಟಿವ್ ವೈರ್‌ಗಳು ಸೇರುವ ಲೋಹದ ಪಟ್ಟಿಯ ಮೇಲೆ, ಇನ್ನೊಂದನ್ನು ಸ್ಕ್ರೂ ದಾಟಿದ ವೈರ್‌ನ ಲಗ್ (ವೈರ್ ತುದಿಯ ಲೋಹದ ಕೊಂಡಿ) ಮೇಲೆ ಇಡಿ. ಕೆಲವೇ ಮಿಲಿವೋಲ್ಟ್ ತೋರಿಸಬೇಕು. ನೂರು ಮಿಲಿವೋಲ್ಟ್ ಹತ್ತಿರ ಬಂದರೆ ಸಪ್ಲೈ ಆಫ್ ಮಾಡಿ, ಆ ಸ್ಕ್ರೂ ಬಿಚ್ಚಿ ಲಗ್ ಒರೆಸಿ ಮತ್ತೆ ಬಿಗಿ ಮಾಡಿ.